‘ಅಂದು–ಇಂದು’ ಫೋಟೋ ಹಾಕುವ ಮೊದಲು ನಿಂತ ಜಾಗ ನೋಡಿ

ಹಳೆಯ ರೈಲ್ವೆ ಸ್ಟೇಷನ್ ಫೋಟೋ ಒಂದು, ಪಕ್ಕದಲ್ಲಿ ಮೊನ್ನೆ ಮೊಬೈಲಲ್ಲಿ ಹೊಡೆದದ್ದು ಇನ್ನೊಂದು. ನಮ್ಮ ಕೊಡಗಿಗೆ ರೈಲಿಲ್ಲ, ಹಾಗಾಗಿ ನಾವು ಹಂಚಿಕೊಳ್ಳುವುದು ಹೆಚ್ಚಾಗಿ ಮೈಸೂರು ಸ್ಟೇಷನ್ನಿನದು. ಬಹಳಷ್ಟು ಜೋಡಿಗಳಲ್ಲಿ ಕ್ಯಾಮೆರಾ ಹತ್ತಿಪ್ಪತ್ತು ಅಡಿ ಆಚೀಚೆ ಇರುತ್ತದೆ. ಆಗ ಬದಲಾಗಿದ್ದು ಕಟ್ಟಡವೋ ನಾವು ನಿಂತ ಜಾಗವೋ ಗೊತ್ತಾಗುವುದೇ ಇಲ್ಲ. ಅಂಥ ಹೋಲಿಕೆ ಹಾಕದಿದ್ದರೇ ವಾಸಿ.

ಜೂಮ್ ಮಾಡಿ ಸರಿದೂಗಿಸಬಹುದು ಅಂದುಕೊಳ್ಳಬೇಡಿ. ಹತ್ತಿರದ ಕಂಬ ದೂರದ ಗೋಡೆಯ ಯಾವ ಭಾಗವನ್ನು ಮರೆಮಾಡುತ್ತದೆ ಅನ್ನುವುದು ನಿಂತ ಜಾಗದಿಂದ ಮಾತ್ರ ತೀರ್ಮಾನವಾಗುತ್ತದೆ, ಲೆನ್ಸಿನಿಂದಲ್ಲ. ಮೊದಲು ಎಡಬಲ ಸರಿಮಾಡಿ: ಹಳೆಯ ಚಿತ್ರದಲ್ಲಿ ಕಂಬದ ಅಂಚು ಯಾವ ಕಿಟಕಿಗೆ ತಾಗಿದೆಯೋ ಅಲ್ಲಿಗೇ ತಾಗುವ ತನಕ ಪಕ್ಕಕ್ಕೆ ಸರಿಯಿರಿ. ಆಮೇಲೆ ಹಿಂದುಮುಂದು. ಹಳೆಯ ಪ್ರಿಂಟಿನಲ್ಲಿ ಹತ್ತಿರದ ಎರಡು ಕಂಬಗಳ ಅಂತರ 60 ಮಿ.ಮೀ., ದೂರದ ಚಾವಣಿಯ ಅಗಲ 24 ಮಿ.ಮೀ. ಇದ್ದರೆ ಅನುಪಾತ 2.5. ನಿಮ್ಮದರಲ್ಲಿ 2.2 ಬಂದರೆ ನೀವು ಹಿಂದಿದ್ದೀರಿ, ಮುಂದೆ ಬನ್ನಿ. ಜಾಗ ಸಿಕ್ಕಮೇಲೆ ಅಗಲವಾಗಿ ತೆಗೆದು, ಸುತ್ತ ಕ್ರಾಪ್ ಮಾಡಿ. ಕ್ಯಾಮೆರಾ ಮೇಲಕ್ಕೆ ವಾಲಿಸಿದರೆ ಗೋಡೆಗಳು ಒಳಕ್ಕೆ ಬಾಗುತ್ತವೆ, ಮಟ್ಟವಾಗಿ ಹಿಡಿಯಿರಿ.

ಹಳಿಗಳನ್ನು ಮಾತ್ರ ಗುರುತಾಗಿ ಇಟ್ಟುಕೊಳ್ಳಬೇಡಿ. ಹಳೆಯ ಮೀಟರ್ ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1,000 ಮಿ.ಮೀ., ಅದನ್ನು ಬ್ರಾಡ್ ಗೇಜ್‌ಗೆ ಬದಲಿಸಿದ ಕಡೆ ಈಗ 1,676. ಹಳಿ ಸರಿದಿರುತ್ತದೆ, ಅನುಪಾತ ಪೂರ್ತಿ ತಪ್ಪುತ್ತದೆ.

ಎಲ್ಲರೂ ಎಡವುವುದು ಎತ್ತರದಲ್ಲಿ. ಹಳೆಯ ಪ್ಲಾಟ್‌ಫಾರಂಗಳು ಬಹಳಷ್ಟು ಕಡೆ ತಗ್ಗಾಗಿದ್ದವು. ಈಗಿನ ಎತ್ತರದ ಪ್ಲಾಟ್‌ಫಾರಂ ಹಳಿಯ ಮಟ್ಟದಿಂದ 760ರಿಂದ 840 ಮಿ.ಮೀ. ಮೇಲಿರುತ್ತದೆ. ಅದರ ಮೇಲೆ ನಿಂತು ಕಣ್ಣೆತ್ತರಕ್ಕೆ ಹಿಡಿದರೆ ಅಂದಿನವನಿಗಿಂತ ಎಷ್ಟೋ ಮೇಲಿಂದ ನೋಡಿದಂತೆ. ಹಳೆಯ ಚಿತ್ರದಲ್ಲಿ ಸೂರಿನ ಗೆರೆ, ಪ್ಲಾಟ್‌ಫಾರಂ ಅಂಚಿನ ಗೆರೆ ಎರಡನ್ನೂ ಸ್ಕೇಲಿಟ್ಟು ಮುಂದಕ್ಕೆ ಎಳೆಯಿರಿ. ಅವು ಕೂಡುವ ಬಿಂದುವಿನ ಮಟ್ಟವೇ ಕ್ಯಾಮೆರಾದ ಎತ್ತರ. ಅದು ಕಿಟಕಿಯ ಕೆಳಗಟ್ಟೆಯ ನೇರಕ್ಕೆ ಬಂದರೆ ಇವತ್ತೂ ಆ ಕಟ್ಟೆಯನ್ನೇ ನಂಬಿ, ನೆಲವನ್ನಲ್ಲ. ಕೆಲವೊಮ್ಮೆ ಮಂಡಿಯೂರಲೇಬೇಕು.

ಕೈ ಪಳಗಲು ಮಡಿಕೇರಿ ಕೋಟೆಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಆನೆಗಳ ಪ್ರತಿಮೆ, ಅರಮನೆ, ಹಳೆಯ ಚರ್ಚು ಎಲ್ಲ ಕದಲದೆ ನಿಂತಿವೆ. ಅರಮನೆಗೆ ಗಡಿಯಾರ ಗೋಪುರ ಸೇರಿದ್ದು 1933ರಲ್ಲಿ. ಗೋಪುರವಿಲ್ಲದ ಅರಮನೆಯ ಚಿತ್ರ ಸಿಕ್ಕರೆ ಅದು ಅದಕ್ಕೂ ಹಿಂದಿನದು.

ಬೆಳಕಿನ ವಿಷಯ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದ ತನಕ ನಡುಹಗಲ ಸೂರ್ಯ ಉತ್ತರಕ್ಕಿರುತ್ತಾನೆ. ನಡುಹಗಲಲ್ಲಿ ಉತ್ತರದ ಗೋಡೆಗೆ ಬಿಸಿಲು ಬಿದ್ದಿದ್ದರೆ ಚಿತ್ರ ಆ ತಿಂಗಳುಗಳದ್ದು. ಜೂನ್ 21ರ ಆಚೀಚೆ ಸಮದೂರದ ಎರಡು ದಿನ ನೆರಳು ಹೆಚ್ಚುಕಡಿಮೆ ಒಂದೇ. ಕೊಡಗಿನಲ್ಲಾದರೆ ಮಳೆಗೆ ಮುಂಚಿನ ದಿನವನ್ನೇ ಹಿಡಿಯಬೇಕು. ಫೋಟೋ 1906ಕ್ಕಿಂತ ಹಿಂದಿನದಾದರೆ ಅದರಲ್ಲಿನ ಸ್ಟೇಷನ್ ಗಡಿಯಾರ ಆಗ ರೈಲ್ವೆ ಬಳಸುತ್ತಿದ್ದ ಮದ್ರಾಸ್ ಸಮಯ ತೋರಿಸುತ್ತಿರಬಹುದು, ಇಂದಿನ ಸಮಯ ತಿಳಿಯಲು ಗಡಿಯಾರ ತೋರಿಸುವುದಕ್ಕೆ 9 ನಿಮಿಷ ಕೂಡಿಸಿ ನೋಡಿ.

ಅಂದಿನ ಫೋಟೋಗ್ರಾಫರ್ ಹಳಿಗಳ ನಡುವೆ ನಿಂತಿದ್ದರೆ ನೀವು ನಿಲ್ಲಬೇಡಿ. ರೈಲ್ವೆ ಕಾಯ್ದೆ 1989ರ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ, ಜೀವಕ್ಕೂ ಅಪಾಯ. ಪ್ಲಾಟ್‌ಫಾರಂ ತುದಿಯಿಂದಲೋ ಕಾಲುಸೇತುವೆಯಿಂದಲೋ ತೆಗೆದು, ‘ಜಾಗ ಬೇರೆ’ ಎಂದು ಚಿತ್ರದ ಕೆಳಗೇ ಬರೆಯಿರಿ. ಟ್ರೈಪಾಡ್ ಬಿಡಿಸುವ ಮೊದಲು ಸ್ಟೇಷನ್ ಮಾಸ್ಟರರನ್ನು ಕೇಳಿ.