ಅರವತ್ತು ದಾಟಿದರೆ ಕರುಳಿನ ಉರಿಯೂತ ಬರಲ್ವಾ?

ಕರುಳಿನ ಉರಿಯೂತ ಹರೆಯದವರ ಕಾಯಿಲೆ, ವಯಸ್ಸಾದ ಮೇಲೆ ಏನು ತಿಂದರೂ ನಡೆಯುತ್ತೆ ಎನ್ನುವ ಮೆಸೇಜ್ ಮತ್ತೆ ಮತ್ತೆ ಬರುತ್ತದೆ. ಓದಿದವರಿಗೆ ನಿಜ ಅನ್ನಿಸುವುದು ಸಹಜ. ಆದರೆ ತಪ್ಪು. ಈ ಉರಿಯೂತದ ಎರಡು ಮುಖ್ಯ ಬಗೆಗಳಾದ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಹೊಸದಾಗಿ ಪತ್ತೆಯಾಗುವವರಲ್ಲಿ ಸುಮಾರು ಶೇ. 10ರಿಂದ 15ರಷ್ಟು ಮಂದಿ 60 ದಾಟಿದವರು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಇರಬೇಕು ಅಂತ ಸುಮ್ನೆ ಕೂರಬೇಡಿ, ವೈದ್ಯರಿಗೆ ತೋರಿಸಿ.

ಊಟಕ್ಕೂ ಇದಕ್ಕೂ ನಂಟಿದೆ. ಕಾರ್ಖಾನೆಯಲ್ಲಿ ತಯಾರಾದ ಪ್ಯಾಕೆಟ್ ತಿಂಡಿ ಜಾಸ್ತಿ ತಿನ್ನುವವರಲ್ಲಿ ಕ್ರೋನ್ಸ್ ಹೆಚ್ಚು ಎಂದು, ವರ್ಷಗಟ್ಟಲೆ ಜನರನ್ನು ಗಮನಿಸಿದ ಅಧ್ಯಯನಗಳಲ್ಲಿ ಕಂಡಿದೆ. ಹಾಗಂತ ಊಟವೊಂದೇ ಕಾರಣವಲ್ಲ. ವಂಶವಾಹಿ, ಧೂಮಪಾನವೂ ಸೇರುತ್ತವೆ.

ಮೆಸೇಜಿನಲ್ಲಿ ಅಧ್ಯಯನದ ಹೆಸರಿದ್ದರೆ ಹುಡುಕಿ, ಸಾರಾಂಶ ಸಾಮಾನ್ಯವಾಗಿ ಉಚಿತವಾಗಿಯೇ ಸಿಗುತ್ತದೆ. ಯಾವ ವಯಸ್ಸಿನವರನ್ನು, ಎಷ್ಟು ವರ್ಷ ಗಮನಿಸಿದರು ಎಂದು ನೋಡಿ. ಹೆಸರೇ ಇಲ್ಲದಿದ್ದರೆ ಮುಂದೆ ಕಳಿಸುವ ಮೊದಲು ವೈದ್ಯರನ್ನು ಕೇಳಿ.