ಸತ್ಯಾಂಶ: ಹಳೆಯ ರೈಲ್ವೆ ನಕ್ಷೆಯ ನೇರ ಗೆರೆ

ಅಮೆರಿಕದ ಹಳೆಯ ರೈಲ್ವೆ ನಕ್ಷೆಯೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. "ಆಗ ಹಳಿಗಳು ಬಾಣದ ಹಾಗೆ ನೇರ ಇದ್ದವು, ಪ್ರತಿ ಗೆರೆಯೂ ಅಳತೆ ಮಾಡಿ ಕೈಯಲ್ಲೇ ಬರೆದದ್ದು" ಅಂತ ಒಕ್ಕಣೆ. ಎರಡೂ ಸರಿಯಲ್ಲ.

ಇಂಥ ಎಷ್ಟೋ ನಕ್ಷೆಗಳು ರೈಲ್ವೆ ಕಂಪನಿಗಳು ಮಾಡಿಸಿಕೊಂಡ ಜಾಹೀರಾತು. ತಮ್ಮ ದಾರಿಯನ್ನು ದಪ್ಪಗೆ, ನೇರವಾಗಿ ಎಳೆಸುತ್ತಿದ್ದರು. ಎದುರಾಳಿಯದು ಸಣ್ಣ ಗೆರೆ. ಇನ್ನೂ ಹಾಕದ ಹಳಿಯನ್ನೂ ಕೆಲವರು ತೋರಿಸಿದ್ದುಂಟು. ಹಾಗಂತ ಎಲ್ಲವೂ ಸುಳ್ಳು ನಕ್ಷೆಗಳಲ್ಲ. ಯಾರು, ಯಾಕೆ ಮಾಡಿಸಿದರು ಅನ್ನೋದನ್ನು ಮೊದಲು ನೋಡಬೇಕು, ಅಲ್ವಾ?

ಇನ್ನು ಕೈಬರಹದ ಮಾತು. ಶಿಕಾಗೋದ ರ್‍ಯಾಂಡ್ ಮೆಕ್‌ನ್ಯಾಲಿ ಮೊದಲು ರೈಲ್ವೆ ಟಿಕೆಟ್, ವೇಳಾಪಟ್ಟಿ ಅಚ್ಚು ಹಾಕುತ್ತಿದ್ದ ಕಂಪನಿ. 1872ರ ಡಿಸೆಂಬರ್‌ನ ತನ್ನ ರೈಲ್ವೆ ಗೈಡ್‌ನಲ್ಲಿ ಅದು ಮೇಣದ ವಿಧಾನದ ನಕ್ಷೆ ಅಚ್ಚು ಮಾಡಿತು. ತಾಮ್ರದ ತಗಡಿಗೆ ತೆಳುವಾಗಿ ಮೇಣ ಬಳಿದು, ಗೆರೆ ಕೊರೆದು, ಊರಿನ ಹೆಸರನ್ನು ಅಚ್ಚುಮೊಳೆಯಿಂದ ಒತ್ತುತ್ತಿದ್ದರು. ಅದರಿಂದ ಲೋಹದ ಅಚ್ಚುಫಲಕ ಸಿದ್ಧವಾಗುತ್ತಿತ್ತು. ಒಂದೇ ಫಲಕದಿಂದ ಸಾವಿರಾರು ಪ್ರತಿ, ಅದೂ ಅಗ್ಗಕ್ಕೆ.

ಇಂಥ ನಕ್ಷೆ ಸಿಕ್ಕರೆ ಭೂತಗನ್ನಡಿ ಹಿಡಿದು ಊರಿನ ಹೆಸರು ನೋಡಿ. ಅಕ್ಷರಗಳು ಪುಸ್ತಕದ ಅಚ್ಚಿನಷ್ಟೇ ಒಂದೇ ಸಮ ಇರುತ್ತವೆ. ನನಗಂತೂ ಆ ಪುಟ್ಟ ಅಕ್ಷರಗಳ ಸಾಲೇ ಜಾಸ್ತಿ ಇಷ್ಟ.