ವರ್ಗಾವಣೆಯೂ ಅಲ್ಲ, ನಿವೃತ್ತಿಯೂ ಅಲ್ಲ

ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸಾಕರ್ ತಂಡವನ್ನು ಇಪ್ಪತ್ತೊಂದು ಋತುಗಳ ಕಾಲ ನಡೆಸಿದ ಜೇ ವಿಡೋವಿಚ್ ಅವರು ಆ ಕೆಲಸ ಬಿಟ್ಟು ಪೋರ್ಟ್‌ಲ್ಯಾಂಡ್ ಟಿಂಬರ್ಸ್ ಎಂಬ ವೃತ್ತಿಪರ ಕ್ಲಬ್ಬಿಗೆ ಹೊರಟಿದ್ದಾರೆಂಬ ಸುದ್ದಿ, 2015ರ ಋತು ಆರಂಭವಾಗುವ ಮುನ್ನ, ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿರುವ ನಮ್ಮ ವಿನ್‌ಸ್ಟನ್-ಸೇಲಂ ಊರಿಗೆ ಬಂದಾಗ ನಾನು ಪಕ್ಕದ ಮನೆಯ ಹಿರಿಯರನ್ನು ಕೇಳಿದ ಮೊದಲ ಪ್ರಶ್ನೆ, ಬೀಳ್ಕೊಡುಗೆ ಸಮಾರಂಭ ಯಾವತ್ತು ಎಂಬುದಾಗಿತ್ತು. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಯೋಚಿಸಿ, ಅಂಥದ್ದೇನೂ ಇರಲಾರದು ಎಂದರು. ಆ ಮೇಲೆ ಅದೇ ಉಸಿರಿನಲ್ಲಿ, ಮುಂದೆ ಆ ಜಾಗಕ್ಕೆ ಯಾರು ಬರಬಹುದು ಎಂದು ತಮಗೆ ತೋಚಿದ ಹೆಸರುಗಳನ್ನು ಎಣಿಸತೊಡಗಿದರು. ನನಗೆ ಸ್ವಲ್ಪ ಕಸಿವಿಸಿಯಾಯಿತು. ಹನ್ನೊಂದನೆಯ ದಿನ ಕಳೆಯುವ ಮೊದಲೇ ಆಸ್ತಿ ಪಾಲಿಗೆ ಕೂತವರನ್ನು ಕಂಡಂತಿತ್ತು.

ಈ ಹಿರಿಯರೇ ನನ್ನನ್ನು ಮೊದಲ ಬಾರಿಗೆ ಸ್ಪ್ರೈ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದವರು. ಮೂರು ಸಾವಿರ ಜನ ಹಿಡಿಸುವ ಅಂಗಳ ಅದು. ಆಟಗಾರರ ಕೂಗು, ಬೂಟು ಚೆಂಡಿಗೆ ತಾಗುವ ಸದ್ದು, ತರಬೇತುದಾರ ಗೆರೆಯಂಚಿನಲ್ಲಿ ನಿಂತು ಹೇಳುವ ಮಾತು, ಎಲ್ಲವೂ ಕೂತಲ್ಲಿಗೆ ಕೇಳಿಸುವಷ್ಟು ಹತ್ತಿರ. ಇಲ್ಲಿಯ ಕಾಲೇಜು ಆಟದಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿತ್ತು, ಅಂದರೆ ನಲವತ್ತೈದರಿಂದ ಸೊನ್ನೆಗೆ. ಹೊರಗೆ ಹೋದ ಆಟಗಾರ ಮತ್ತೆ ಒಳಗೆ ಬರಲೂ ಅವಕಾಶವಿತ್ತು. ಆಟವನ್ನು ಫುಟ್‌ಬಾಲ್ ಎಂದು ಕರೆಯುತ್ತ ಬೆಳೆದ ನನಗೆ ಸಾಕರ್ ಎಂಬ ಹೆಸರಿನಷ್ಟೇ ಆ ಹಿಂದಕ್ಕೆ ಓಡುವ ಗಡಿಯಾರವೂ ಬಹಳ ದಿನ ಒಗ್ಗಲಿಲ್ಲ. ಆದರೆ ತಂಡದ ಆಟ ಒಗ್ಗಿತು. ಗೋಲ್‌ಕೀಪರ್‌ನಿಂದ ಹಿಡಿದು ಎಲ್ಲರೂ ಚೆಂಡನ್ನು ನೆಲದ ಮೇಲೇ ಸರಿಸುತ್ತ, ಅವಸರವಿಲ್ಲದೆ, ಎದುರಾಳಿಗೆ ಸಿಗದಂತೆ ದಾಟಿಸುತ್ತ ಹೋಗುವ ಆಟ ಅದು, ಮತ್ತು ಅದನ್ನು ಕಲಿಸಿದವರು ವಿಡೋವಿಚ್.

ಅವರು ಆ ಹುದ್ದೆಗೆ ಬಂದ ಬಗೆಯನ್ನೂ ಇಲ್ಲಿಯ ಹಳೆಯ ಅಭಿಮಾನಿಗಳು ಮರೆತಿಲ್ಲ. ಹಿಂದೆ ಅಮೆರಿಕದ ರಾಷ್ಟ್ರೀಯ ತಂಡಕ್ಕೂ ತರಬೇತಿ ಕೊಟ್ಟಿದ್ದ ವಾಲ್ಟ್ ಚಿಝೋವಿಚ್ ಅವರು ವೇಕ್ ಫಾರೆಸ್ಟಿನ ತರಬೇತುದಾರರಾಗಿದ್ದಾಗಲೇ 1994ರಲ್ಲಿ ಹಠಾತ್ತನೆ ತೀರಿಕೊಂಡರು; ಅವರ ಸಹಾಯಕರಾಗಿದ್ದ ವಿಡೋವಿಚ್ ಆ ಖಾಲಿ ಜಾಗವನ್ನು ತುಂಬಬೇಕಾಯಿತು. ಅಲ್ಲಿಂದ ಮುಂದಿನ ಎರಡು ದಶಕಗಳಲ್ಲಿ 270ಕ್ಕೂ ಹೆಚ್ಚು ಗೆಲುವುಗಳು ಬಂದವು. ಮೈಕೆಲ್ ಪಾರ್ಕ್‌ಹರ್ಸ್ಟ್, ಸ್ಯಾಮ್ ಕ್ರೋನಿನ್, ಐಕ್ ಒಪಾರಾ ಅವರಂಥವರು ಇಲ್ಲಿಂದಲೇ ವೃತ್ತಿಪರ ಲೀಗಿಗೆ ಹೋದರು. 2006ರಿಂದ 2009ರವರೆಗೆ ಸತತ ನಾಲ್ಕು ವರ್ಷ ತಂಡ ರಾಷ್ಟ್ರಮಟ್ಟದ ಕೊನೆಯ ನಾಲ್ಕರೊಳಗೆ, ಅಂದರೆ ಸೆಮಿಫೈನಲ್ಲಿನಲ್ಲಿ, ಇತ್ತು, ಮತ್ತು 2007ರ ಡಿಸೆಂಬರಿನಲ್ಲಿ ಇದೇ ರಾಜ್ಯದ ಕೇರಿ ಎಂಬ ಊರಿನಲ್ಲಿ ಒಹಾಯೊ ಸ್ಟೇಟ್ ತಂಡವನ್ನು 2-1ರಿಂದ ಸೋಲಿಸಿ ಪ್ರಶಸ್ತಿಯನ್ನೇ ಗೆದ್ದಿತು. ದೊಡ್ಡ ಗೆಲುವು ಬಂದಾಗ ಇಲ್ಲಿಯ ವಿದ್ಯಾರ್ಥಿಗಳು ಆವರಣದ ನಡುವಣ ಮರಗಳ ಮೇಲೆ ಶೌಚಾಲಯದ ಕಾಗದದ ಸುರುಳಿಗಳನ್ನು ಎಸೆದು ಕೊಂಬೆ ಕೊಂಬೆಗೂ ಬಿಳಿಯ ಪಟ್ಟಿ ಜೋತುಬೀಳುವಂತೆ ಮಾಡುವ ಪದ್ಧತಿ ಇದೆ. ಮೊದಲ ಸಲ ನೋಡಿದಾಗ ನನಗೆ ಇದೆಂಥ ಸಂಭ್ರಮ ಎನಿಸಿತ್ತು. ಮೆರವಣಿಗೆಯ ಮರುದಿನ ರಸ್ತೆಯ ತುಂಬ ಬಿದ್ದಿರುವ ಪಟಾಕಿಯ ಕಾಗದ ನೆನಪಾದ ಮೇಲೆ ಆ ಮಾತನ್ನು ಹಿಂತೆಗೆದುಕೊಂಡೆ.

ಕಾಲೇಜಿನಿಂದ ವೃತ್ತಿಪರ ಆಟಕ್ಕೆ ತರಬೇತುದಾರ ಏರಿಹೋಗುವುದು ಇಲ್ಲಿ ಹೊಸದಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಐದು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಬ್ರೂಸ್ ಅರೀನಾ, ಅಮೆರಿಕದ ಮೊದಲ ದರ್ಜೆಯ ವೃತ್ತಿಪರ ಲೀಗಾದ ಮೇಜರ್ ಲೀಗ್ ಸಾಕರ್ ಶುರುವಾದ 1996ರಲ್ಲಿಯೇ ಡಿ.ಸಿ. ಯುನೈಟೆಡ್ ಎಂಬ ಕ್ಲಬ್ಬು ಸೇರಿ ಮೊದಲೆರಡು ವರ್ಷದ ಕಪ್ಪುಗಳನ್ನೂ ಗೆದ್ದರು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಸಿಎಲ್‌ಎ) ತಂಡವನ್ನು ಸುಮಾರು ಎರಡು ದಶಕ ನಡೆಸಿದ ಸಿಗಿ ಶ್ಮಿಡ್ 1999ರಲ್ಲಿ ಲಾಸ್ ಏಂಜಲೀಸ್ ಗ್ಯಾಲಕ್ಸಿಗೆ ಹೋದರು. ಆಕ್ರನ್ ವಿಶ್ವವಿದ್ಯಾಲಯಕ್ಕೆ 2010ರ ಪ್ರಶಸ್ತಿ ಗೆದ್ದುಕೊಟ್ಟ ಕೇಲೆಬ್ ಪೋರ್ಟರ್ ಹೋದದ್ದು ಇದೇ ಪೋರ್ಟ್‌ಲ್ಯಾಂಡಿಗೆ. ಆದರೆ ಇವರೆಲ್ಲ ಹೋದದ್ದು ಮೊದಲ ದರ್ಜೆಯ ತಂಡದ ಮುಖ್ಯಸ್ಥರಾಗಿ. ವಿಡೋವಿಚ್ ಒಪ್ಪಿಕೊಂಡದ್ದು ಟಿಂಬರ್ಸ್ ಕ್ಲಬ್ಬು ಹೊಸದಾಗಿ ಕಟ್ಟುತ್ತಿದ್ದ ಎರಡನೆಯ ತಂಡವನ್ನು. ಆಗ ಅಮೆರಿಕದ ಮೂರನೆಯ ದರ್ಜೆಯಲ್ಲಿದ್ದ ಲೀಗಿನಲ್ಲಿ ಆಡಬೇಕಿದ್ದ, ಹುಡುಗರನ್ನು ಹದಗೊಳಿಸಿ ಮೇಲಿನ ತಂಡಕ್ಕೆ ಕಳುಹಿಸುವ ಮೀಸಲು ತಂಡವನ್ನು. ಮೇಲಿನ ತಂಡದ ಮುಖ್ಯಸ್ಥರು ಅವರಿಗಿಂತ ಕಿರಿಯರಾದ, ಕಾಲೇಜು ಆಟದಲ್ಲಿ ಅವರ ಎದುರಾಳಿಯಾಗಿದ್ದ ಅದೇ ಪೋರ್ಟರ್.

ಊರಿನ ಅಭಿಮಾನಿಗಳು ನುಂಗಲಾರದೆ ಹೋದದ್ದು ಇದನ್ನೇ. ದೊಡ್ಡ ಕುರ್ಚಿಗೆ ಹೋಗಿದ್ದರೆ ಹೆಮ್ಮೆಪಡಬಹುದಿತ್ತು, ಮೀಸಲು ತಂಡಕ್ಕಾಗಿ ನಮ್ಮನ್ನು ಬಿಟ್ಟರೇ ಎಂಬ ಮಾತನ್ನು ನಾನು ಆ ಚಳಿಗಾಲದಲ್ಲಿ ಕ್ಷೌರದಂಗಡಿಯಿಂದ ಹಿಡಿದು ಕಚೇರಿಯ ಕಾಫಿ ಯಂತ್ರದ ಬಳಿಯವರೆಗೆ ಬಗೆಬಗೆಯಾಗಿ ಕೇಳಿದ್ದೇನೆ. ವಿಶ್ವವಿದ್ಯಾಲಯದವರು ಬ್ಯಾಸ್ಕೆಟ್‌ಬಾಲ್ ಮತ್ತು ಅಮೆರಿಕನ್ ಫುಟ್‌ಬಾಲಿನ ಮೇಲೆ ಸುರಿಯುವ ಹಣದ ಪುಡಿಗಾಸನ್ನೂ ಸಾಕರಿಗೆ ಕೊಡಲಿಲ್ಲ, ಅದಕ್ಕೇ ಹೋದರು ಎಂದವರಿದ್ದರು. ಇಪ್ಪತ್ತೊಂದು ವರ್ಷ ಒಂದೇ ಬೆಂಚಿನ ಮುಂದೆ ನಿಂತವನಿಗೆ ಕಾಲು ನೋಯುವುದಿಲ್ಲವೇ ಎಂದು ಅವರ ಪರ ವಹಿಸಿದವರೂ ಇದ್ದರು. ಹೆಚ್ಚು ತೂಕದ ಮಾತು ಆಡಿದವರು ಮಾತ್ರ ಮಕ್ಕಳ ತಂದೆತಾಯಿಗಳು. ಆ ಕಾಲಕ್ಕೆ ಪುರುಷರ ಸಾಕರ್ ತಂಡವೊಂದಕ್ಕೆ ನಿಯಮದ ಪ್ರಕಾರ ಇದ್ದದ್ದು 9.9 ಪೂರ್ಣ ವಿದ್ಯಾರ್ಥಿವೇತನಗಳಷ್ಟೆ. ಅದನ್ನೇ ತರಬೇತುದಾರ ಇಪ್ಪತ್ತಕ್ಕೂ ಹೆಚ್ಚು ಹುಡುಗರಿಗೆ ತುಂಡು ತುಂಡಾಗಿ ಹಂಚಬೇಕಿತ್ತು, ಉಳಿದದ್ದನ್ನು ಮನೆಯವರು ಕಟ್ಟಬೇಕಿತ್ತು. ಹುಡುಗ ಸಹಿ ಹಾಕುತ್ತಿದ್ದದ್ದು ವಿಶ್ವವಿದ್ಯಾಲಯದ ಕಾಗದಕ್ಕೆ, ಆದರೆ ನಂಬಿ ಬರುತ್ತಿದ್ದದ್ದು ತನ್ನ ಮನೆಯ ಹಜಾರದಲ್ಲಿ ಬಂದು ಕೂತು ಮಾತಾಡಿದ ತರಬೇತುದಾರನನ್ನು; ತರಬೇತುದಾರ ಹೊರಟುಹೋದರೂ ಆ ಕಾಗದ ಹುಡುಗನನ್ನು ಬಿಡುತ್ತಿರಲಿಲ್ಲ. ಇದರಲ್ಲಿ ಅನ್ಯಾಯವಿತ್ತು ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಈ ಎಲ್ಲ ಗದ್ದಲವನ್ನು ಕೇಳುತ್ತ ನಾನು ಮನಸ್ಸಿನಲ್ಲೇ ನಮ್ಮ ಕಡೆಯ ರೀತಿಯನ್ನು ಎತ್ತಿ ಹಿಡಿಯುತ್ತಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ. ನಾನು ಓದಿದ್ದು ಬಯಲುಸೀಮೆಯ ಒಂದು ಸರ್ಕಾರಿ ಕಾಲೇಜಿನಲ್ಲಿ. ಅಲ್ಲಿ ನಮಗೆ ಫುಟ್‌ಬಾಲ್ ಕಲಿಸಿದ್ದು ದೈಹಿಕ ಶಿಕ್ಷಣದ ಮೇಷ್ಟ್ರು, ನಮ್ಮ ಬಾಯಲ್ಲಿ ಪಿ.ಟಿ. ಮೇಷ್ಟ್ರು. ನಾನು ಎರಡನೆಯ ವರ್ಷದಲ್ಲಿದ್ದಾಗ, ಅಂತರ ಕಾಲೇಜು ಪಂದ್ಯಗಳಿಗೆ ತಿಂಗಳೊಪ್ಪತ್ತು ಇರುವಾಗಲೇ, ಅವರನ್ನು ದೂರದ ಜಿಲ್ಲೆಗೆ ಎತ್ತಂಗಡಿ ಮಾಡಿದರು. ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಇದ್ದವು. ಬಾಡಿಗೆಗೆ ತಂದ ಮೈಸೂರು ಪೇಟ ದೊಡ್ಡದಾಗಿ ಹುಬ್ಬಿನ ಮೇಲಕ್ಕೇ ಇಳಿದಿತ್ತು, ಅವರು ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಭಾಷಣ ಮಾಡಿದರು. ನಾಲ್ಕು ಜನ ಅತ್ತರು, ಅವರಲ್ಲಿ ನಾನೂ ಒಬ್ಬ. ಸಮಾರಂಭಕ್ಕಿಂತ ಮೊದಲು ಅವರು ಚಾರ್ಜ್ ಒಪ್ಪಿಸುವ ಪಟ್ಟಿಯನ್ನು ನನ್ನ ಕೈಯಿಂದಲೇ ಬರೆಸಿದ್ದರು: ಚೆಂಡು ನಾಲ್ಕು, ಅದರಲ್ಲಿ ಬ್ಲಾಡರ್ ಹೋದದ್ದು ಎರಡು, ಸೈಕಲ್ ಪಂಪು ಒಂದು, ಗಾಳಿ ತುಂಬುವ ಸೂಜಿ ಒಂದು, ತುದಿ ಮುರಿದಿದೆ. ಯಾರಿಗೆ ಚಾರ್ಜ್ ಒಪ್ಪಿಸುವುದೆಂದು ಕೇಳಿದರೆ ಉತ್ತರವಿರಲಿಲ್ಲ. ಪಟ್ಟಿಯನ್ನು ಗುಮಾಸ್ತರ ಮೇಜಿನ ಮೇಲೆ ಕಾಗದಭಾರದ ಅಡಿಯಲ್ಲಿ ಇಟ್ಟು ಹೋದರು. ನಾನು ಕಾಲೇಜು ಬಿಡುವವರೆಗೂ ಆ ಹುದ್ದೆ ಖಾಲಿಯೇ ಇತ್ತು, ಆ ವರ್ಷ ತಂಡ ಪಂದ್ಯಕ್ಕೆ ಹೋಗಲೇ ಇಲ್ಲ, ಮತ್ತು ಅತ್ತವರು ಯಾರೂ, ಮುಂದೆ ಯಾರು ಬರುತ್ತಾರೆ ಎಂದು ಒಂದು ಅರ್ಜಿಯನ್ನೂ ಬರೆಯಲಿಲ್ಲ.

ಬೆಂಗಳೂರಿನ ಕಥೆ ಬೇರೆಯಾದರೂ ಬೇರು ಅದೇ. ಐಟಿಐ, ಎಚ್‌ಎಎಲ್ ಮುಂತಾದ ಕಾರ್ಖಾನೆಗಳ ತಂಡಗಳು ಊರಿನ ಫುಟ್‌ಬಾಲನ್ನು ಹೊತ್ತಿದ್ದ ಕಾಲದಲ್ಲಿ ಆಟಗಾರನಿಗೆ ಸಿಗುವ ದೊಡ್ಡ ಬಹುಮಾನ ಎಂದರೆ ಕಾಯಂ ನೌಕರಿ. ಅಂಥ ವ್ಯವಸ್ಥೆಯಲ್ಲಿ ಕಲಿಸುವವನು ತಾನಾಗಿಯೇ ಬಿಟ್ಟು ಮೇಲಕ್ಕೆ ಹೋಗುವುದು ಎಲ್ಲಿಗೆ? ಅವನು ಹೋಗುವುದು ನಿವೃತ್ತಿಗೆ, ಭವಿಷ್ಯನಿಧಿಯ ಚೆಕ್ಕಿನೊಂದಿಗೆ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ ಮೇಲೆ ವೃತ್ತಿಪರ ತರಬೇತುದಾರರು ಬಂದರು, ಹೋದರು. ಆಗ ದೇಶದ ಮೊದಲ ದರ್ಜೆಯ ಲೀಗಾಗಿದ್ದ ಐ-ಲೀಗನ್ನು ಎರಡು ಸಲ ಗೆದ್ದುಕೊಟ್ಟ ಆ್ಯಶ್ಲಿ ವೆಸ್ಟ್‌ವುಡ್ 2016ರಲ್ಲಿ ಹೊರಟಾಗ ಕಂಠೀರವದ ನೀಲಿ ಅಂಗಿಯ ಗುಂಪು ಬೇಸರಪಟ್ಟುಕೊಂಡಿತು, ಅದೇ ವರ್ಷ ಆಲ್ಬರ್ಟ್ ರೋಕಾ ಬಂದು ತಂಡವನ್ನು ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ಪಿನ ಫೈನಲ್ಲಿಗೆ ಒಯ್ದಾಗ ಬೇಸರ ಕರಗಿತು. ಅಲ್ಲಿ ಮೂರು ವರ್ಷವೇ ದೀರ್ಘಾವಧಿ. ಇಪ್ಪತ್ತೊಂದು ವರ್ಷ ಒಂದೆಡೆ ನಿಂತು, ಆಮೇಲೆ ಯಾರ ಆದೇಶವೂ ಇಲ್ಲದೆ, ವಯಸ್ಸಿನ ಕಾರಣವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಎದ್ದುಹೋದ ಮೇಷ್ಟ್ರೊಬ್ಬರನ್ನು ನಾನು ನಮ್ಮಲ್ಲಿ ಕಂಡಿಲ್ಲ. ವರ್ಗಾವಣೆ, ನಿವೃತ್ತಿ, ಮರಣ, ಈ ಮೂರು ಬಿಟ್ಟು ಬೇರೆ ನಿರ್ಗಮನ ನಮಗೆ ಗೊತ್ತಿಲ್ಲ. ಮೂರರಲ್ಲಿಯೂ ಹೋಗುವವನ ಕೈವಾಡವಿಲ್ಲ. ಆದ್ದರಿಂದಲೇ ನಮಗೆ ಅಷ್ಟು ಚೆನ್ನಾಗಿ ಅಳಲು ಬರುತ್ತದೆ ಎಂದು ಈಗ ನನಗೆ ಅನಿಸುತ್ತಿದೆ. ದೂರಬೇಕಾದವನು ವಿಧಾನಸೌಧದಲ್ಲೋ ಯಮನ ಕಚೇರಿಯಲ್ಲೋ ಇರುವಾಗ, ಎದುರಿಗೆ ನಿಂತವನಿಗೆ ಶಾಲು ಹೊದಿಸುವುದು ಕಷ್ಟವೇನಲ್ಲ.

ಇಲ್ಲಿಯವರು ಶಾಲು ಹೊದಿಸಲಿಲ್ಲ, ವಾದ ಮಾಡಿದರು. ಅವರು ಕೇಳಿದ ಪ್ರಶ್ನೆಗಳನ್ನು ನೋಡಿ: ಮುಂದಿನವರು ಯಾರು, ಸಹಿ ಹಾಕಿದ ಹುಡುಗರ ಗತಿಯೇನು, ಆಟದ ಶೈಲಿ ಉಳಿಯುತ್ತದೆಯೇ, ಹಣ ಎಲ್ಲಿ ಹೋಗುತ್ತಿದೆ. ತಂಡ ತಮ್ಮದೆಂದು ನಂಬಿದವರು ಮಾತ್ರ ಕೇಳುವ ಪ್ರಶ್ನೆಗಳಿವು. ನಮ್ಮ ಮೇಷ್ಟ್ರು ಹೋದ ದಿನ ಒಬ್ಬೇ ಒಬ್ಬ ಊರಿನ ಹಿರಿಯ ಇಷ್ಟೇ ಒರಟಾಗಿ, ಇಷ್ಟೇ ಅವಸರದಿಂದ, ಮುಂದೆ ಯಾರು ಎಂದು ಪ್ರಾಂಶುಪಾಲರ ಕೋಣೆಯ ಬಾಗಿಲಲ್ಲಿ ನಿಂತಿದ್ದರೆ ಆ ಚಾರ್ಜ್ ಪಟ್ಟಿ ಅಷ್ಟು ದಿನ ಧೂಳು ತಿನ್ನುತ್ತಿರಲಿಲ್ಲ. ಹಾಗೆಂದು ಇವರದೇ ಸರಿ ಎನ್ನಲೂ ನನ್ನಿಂದಾಗದು. ಇಪ್ಪತ್ತೊಂದು ವರ್ಷದ ದುಡಿಮೆಗೆ ಊರಿನವರು ಒಂದು ಸಂಜೆ ಸೇರಿ ಕೈಮುಗಿಯುವುದರಿಂದ ಯಾರ ಗಂಟೂ ಹೋಗುತ್ತಿರಲಿಲ್ಲ. ಇನ್ನು ಬಿಟ್ಟುಹೋದರು ಎಂಬ ದೂರಿನ ಬಗ್ಗೆ ಹೇಳುವುದಾದರೆ, ಆ ವಿಶ್ವವಿದ್ಯಾಲಯವೇ 1956ರಲ್ಲಿ, ತಂಬಾಕಿನ ದೊರೆಗಳಾದ ರೆನಾಲ್ಡ್ಸ್ ಮನೆತನದ ಪ್ರತಿಷ್ಠಾನದ ಹಣದ ಬಲದಿಂದ, ತನಗೆ ಹೆಸರು ಕೊಟ್ಟ ವೇಕ್ ಫಾರೆಸ್ಟ್ ಎಂಬ ಊರನ್ನು ಬಿಟ್ಟು ಇಲ್ಲಿಗೆ ಬಂದು ನೆಲೆಸಿದ್ದು. ಇದನ್ನು ನಾನು ಪಕ್ಕದ ಮನೆಯವರಿಗೆ ನೆನಪಿಸಿದಾಗ, ಏಳು ಸಮುದ್ರ ದಾಟಿ ಬಂದ ನೀವು ಇದನ್ನು ಹೇಳುತ್ತಿದ್ದೀರಾ ಎಂದು ನಕ್ಕರು. ನಾನು ಬಾಯಿ ಮುಚ್ಚಿಕೊಂಡು ಅವರು ಕೊಟ್ಟ ಕಾಫಿ ಕುಡಿದೆ.

ಮುಂದಿನದು ಇನ್ನೂ ವಿಚಿತ್ರ. ಕಾಲೇಜು ಬಿಟ್ಟು ವೃತ್ತಿಪರ ಆಟಕ್ಕೆ ಹೋದ ವಿಡೋವಿಚ್ ಅವರ ಹೊಸ ತಂಡ ಆ ವರ್ಷ ತನ್ನ ಅಂಗಳದ ಪಂದ್ಯಗಳನ್ನು ಆಡಿದ್ದು ಪೋರ್ಟ್‌ಲ್ಯಾಂಡ್ ವಿಶ್ವವಿದ್ಯಾಲಯದ ಮೆರ್ಲೊ ಮೈದಾನದಲ್ಲಿ, ಅಂದರೆ ಮತ್ತೆ ಕಾಲೇಜಿನ ಹುಲ್ಲಿನ ಮೇಲೆಯೇ. ಡಿಸೆಂಬರಿನಲ್ಲಿ ಪೋರ್ಟರ್ ಅವರ ಮೇಲಿನ ತಂಡ ಲೀಗಿನ ಕಪ್ಪನ್ನೇ ಗೆದ್ದಿತು. ವಿಡೋವಿಚ್ ಮಾತ್ರ ಆ ಒಂದೇ ಋತು ಮುಗಿಸಿ ಕಾಲೇಜಿಗೆ ಮರಳಿದರು. ಆದರೆ ನಮ್ಮ ಕಾಲೇಜಿಗಲ್ಲ, ವೇಕ್ ಫಾರೆಸ್ಟ್ ಆಡುವ ಅದೇ ಅಟ್ಲಾಂಟಿಕ್ ಕೋಸ್ಟ್ ಒಕ್ಕೂಟದಲ್ಲಿರುವ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ. ವೃತ್ತಿಪರ ಆಟಕ್ಕೆ ಹೋದರು ಎಂದು ಹೇಗೋ ಸಮಾಧಾನ ಮಾಡಿಕೊಂಡಿದ್ದವರಿಗೆ ಈ ಎರಡನೆಯ ಸುದ್ದಿ ಮೊದಲನೆಯದಕ್ಕಿಂತ ಹೆಚ್ಚು ಚುಚ್ಚಿತು. ಗಂಡನ ಮನೆ ಬಿಟ್ಟವಳು ತವರಿಗೆ ಬಾರದೆ ಎದುರುಮನೆಗೆ ಬಂದಳು ಎಂಬಂಥ ಮಾತು ನಮ್ಮೂರಿನಲ್ಲಾಗಿದ್ದರೆ ಹುಟ್ಟಿಕೊಳ್ಳುತ್ತಿತ್ತೇನೋ. ಇಲ್ಲಿ ಹಿರಿಯರು ಹುಬ್ಬೇರಿಸಿ, ಪಿಟ್ಸ್‌ಬರ್ಗಿಗೆ ಒಳ್ಳೆಯದಾಯಿತು ಎಂದಷ್ಟೇ ಹೇಳಿದರು. ಆರಂಭದಲ್ಲಿ ಒದ್ದಾಡಿದ ಆ ತಂಡವನ್ನು ಅವರು ಕೆಲವೇ ವರ್ಷಗಳಲ್ಲಿ ರಾಷ್ಟ್ರಮಟ್ಟದ ಕೊನೆಯ ನಾಲ್ಕರೊಳಗೆ ತಂದು ನಿಲ್ಲಿಸಿದಾಗ, ನೋಡಿದಿರಾ ನಮ್ಮವರು ಎಂದು ಹೇಳಿದ್ದೂ ಇದೇ ಹಿರಿಯರೇ.

ವೇಕ್ ಫಾರೆಸ್ಟಿಗೆ ಬಂದವರು ಬಾಬಿ ಮಸ್. ಹಿಂದೆ ಇಲ್ಲಿಯೇ ವಿಡೋವಿಚ್ ಅವರ ಸಹಾಯಕರಾಗಿದ್ದು, ಆ ಮೇಲೆ ಡೆನ್ವರ್ ವಿಶ್ವವಿದ್ಯಾಲಯದ ತಂಡವನ್ನು ಎಂಟು ವರ್ಷ ಕಟ್ಟಿ ಬೆಳೆಸಿದವರು. 2016ರ ಡಿಸೆಂಬರಿನಲ್ಲಿ ಹ್ಯೂಸ್ಟನ್ನಿನಲ್ಲಿ ನಡೆದ ಸೆಮಿಫೈನಲ್ಲಿನಲ್ಲಿ ನಮ್ಮ ತಂಡಕ್ಕೆ ಎದುರಾದದ್ದು ಆ ಡೆನ್ವರೇ. ಅವರ ಪಾಳಯದಲ್ಲಿ ಮಸ್ ಅವರ ಮಾತು ನಂಬಿ ಅಲ್ಲಿಗೆ ಹೋಗಿದ್ದ ಹುಡುಗರು ಇನ್ನೂ ಇದ್ದರು. ನಾವು ಹತ್ತು ಹನ್ನೆರಡು ಜನ ಪಕ್ಕದ ಮನೆಯ ಟಿವಿಯ ಮುಂದೆ ಕೂತಿದ್ದೆವು. 2-1ರಿಂದ ಗೆದ್ದಾಗ ಎಲ್ಲರೂ ಎದ್ದು ಕುಣಿದರು, ನಾನೂ ಕುಣಿದೆ. ಎರಡು ದಿನದ ಮೇಲೆ ಫೈನಲ್ಲಿನಲ್ಲಿ ಸ್ಟ್ಯಾನ್‌ಫರ್ಡ್ ಎದುರು ಗೋಲಿಲ್ಲದೆ ಮುಗಿದ ಆಟವನ್ನು ಪೆನಾಲ್ಟಿಯಲ್ಲಿ ಸೋತಾಗ ಕೋಣೆ ಮೌನವಾಯಿತು, ಹಿರಿಯರು ಟಿವಿ ಆರಿಸಿದರು. ತಟ್ಟೆಗಳನ್ನು ಎತ್ತಿಡುತ್ತಿದ್ದಾಗ ಅವರು, ಡೆನ್ವರಿನಲ್ಲಿ ಈಗ ಯಾರಿದ್ದಾರೆ, ಅವರ ತಂಡ ಚೆನ್ನಾಗಿತ್ತು, ಎಂದು ಕೇಳಿದರು. ಮಸ್ ಬಿಟ್ಟುಬಂದ ಊರಿನ ಬಗ್ಗೆ ನಮ್ಮಲ್ಲೊಬ್ಬರು ಅಷ್ಟು ದಿನಗಳಲ್ಲಿ ಮಾತಾಡಿದ್ದು ಅದೇ ಮೊದಲು.